ಒಣಗದ ಹನ್ನೊಂದು ಅಂಗಿ

ನಮ್ಮೂರ ಫುಟ್‌ಬಾಲ್ ಕ್ಲಬ್ಬಿಗೆ ಐವತ್ತು ವರ್ಷ ತುಂಬಿತೆಂದು ಒಂದು ಪುಸ್ತಕ ಮಾಡಿದ್ದಾರೆ. ನುಣುಪು ಹಾಳೆ, ದಪ್ಪ ರಟ್ಟು, ಪುಟಕ್ಕೊಂದು ಫೋಟೋ. ಮೊಮ್ಮಗಳು ಅದನ್ನು ನನಗೆ ಓದಿ ಹೇಳಿದಳು. ನಡುವೆ ಎಲ್ಲೋ ಒಂದು ಸಾಲು ಬಂತು: ‘ಆ ವರ್ಷ ಮೊದಲ ಐದು ಸೋಲುಗಳ ನಂತರ ಮ್ಯಾನೇಜರನ್ನು ಬದಲಾಯಿಸಲಾಯಿತು, ತಂಡ ಮತ್ತೆ ಹಿಂತಿರುಗಿ ನೋಡಲಿಲ್ಲ.’

ಅಷ್ಟೇ. ಒಬ್ಬ ಮನುಷ್ಯನಿಗೆ ಅರ್ಧ ಸಾಲು. ಅದೂ ಸುಳ್ಳು. ಸೋತದ್ದು ಐದಲ್ಲ, ನಾಲ್ಕು. ನಾಲ್ಕನೆಯ ಪಂದ್ಯ ಸೊನ್ನೆ-ಸೊನ್ನೆ, ಸಮ ಆಗಿತ್ತು. ಆ ಪಂದ್ಯದ ಅಂಗಿಗಳನ್ನು ಒಗೆದವಳು ನಾನು. ನನಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತು?

“ಅಜ್ಜಿ, ಆ ಮ್ಯಾನೇಜರ್ ಯಾರು?” ಅಂದಳು ಮೊಮ್ಮಗಳು.

“ಹೊಸಬ.”

“ಹೊಸಬ ಅಂದ್ರೆ? ಅದೇನ್ ಹೆಸರು?”

ಅದು ಅವನು ಬಂದ ದಿನ, ತಗಡಿನ ಸ್ಟ್ಯಾಂಡಿನಲ್ಲಿ ನಿಂತು ಆಟ ನೋಡುವವರು ಇಟ್ಟ ಹೆಸರು. ಹಳಬನಾಗುವಷ್ಟು ದಿನ ಅವನನ್ನು ಯಾರೂ ಬಿಡಲಿಲ್ಲ. ಬಿಡದವರಲ್ಲಿ ನಾನೂ ಒಬ್ಬಳು. ಪುಸ್ತಕದವರು ಬರೆಯದೆ ಬಿಟ್ಟದ್ದನ್ನು ನಾನು ಬರೆದಿಡುತ್ತೇನೆ. ನಾಲ್ಕನೇ ತರಗತಿ ಕಲಿತವಳ ಬರವಣಿಗೆ, ಸೊಟ್ಟಗಿದ್ದರೂ ಓದುವಂತಿದೆ.

ಮೈದಾನದ ಮೆಟ್ಟಿಲುಗಳ ಕೆಳಗೆ, ಆಟಗಾರರು ಬಟ್ಟೆ ಬದಲಾಯಿಸುವ ಕೋಣೆಗೆ ಅಂಟಿಕೊಂಡು ಒಗೆಯುವ ಕೋಣೆ ಇತ್ತು. ಎರಡು ಮೆಷಿನ್ನು, ಒಂದು ಸಿಮೆಂಟಿನ ತೊಟ್ಟಿ, ಬಿಸಿಗಾಳಿಯಲ್ಲಿ ಬಟ್ಟೆ ಒಣಗಿಸುವ ಒಂದು ಡ್ರಮ್ಮು, ಇಸ್ತ್ರಿ ಮೇಜು. ಕಿಟಕಿ ಎಂಬ ಹೆಸರಿಗೆ ಒಂದು ಸೀಳು ಇತ್ತು, ಅದರಲ್ಲಿ ಜನರ ಮೊಣಕಾಲಿನ ತನಕ ಕಾಣುತ್ತಿತ್ತು. ಮೂವತ್ತೊಂದು ವರ್ಷ ಅಲ್ಲಿದ್ದೆ. ಆಟ ನೋಡಿದ್ದು ಕಡಿಮೆ. ನೋಡುವುದು ಬೇಕಾಗಿಯೂ ಇರಲಿಲ್ಲ. ಬುಟ್ಟಿಗೆ ಬಂದು ಬೀಳುವ ಅಂಗಿಗಳೇ ಎಲ್ಲ ಹೇಳುತ್ತಿದ್ದವು. ಎದೆಗೆ ಮಣ್ಣು ಹತ್ತಿದ್ದರೆ ಮೈ ಚೆಲ್ಲಿ ಚೆಂಡು ತಡೆದವನು. ಹೆಗಲ ಹೊಲಿಗೆ ಬಿಟ್ಟಿದ್ದರೆ ಎದುರಾಳಿ ಎಳೆದು ನಿಲ್ಲಿಸುವಷ್ಟು ಮುನ್ನುಗ್ಗಿದವನು. ಕಂಕುಳ ಕೆಳಗೆ ಉಪ್ಪಿನ ಬಿಳಿ ಗೆರೆ ಇದ್ದರೆ ಕೊನೆಯವರೆಗೂ ಓಡಿದವನು. ಹಳೇ ಮ್ಯಾನೇಜರ್ ಕಾಲದಲ್ಲಿ ಕ್ಯಾಪ್ಟನ್ನಿನ ಅಂಗಿ ನಾನು ಹಾಕಿದ ಇಸ್ತ್ರಿಯ ಗೆರೆ ಸಮೇತ ವಾಪಸು ಬರುತ್ತಿತ್ತು. ಒಗೆಯದೆ ಹಾಗೇ ಕಪಾಟಿಗೆ ಇಟ್ಟರೂ ನಡೆಯುತ್ತಿತ್ತು.

ನಮ್ಮ ಯಜಮಾನರು ಪೈಪಿನ ಕಾರ್ಖಾನೆಯಲ್ಲಿ ಕಬ್ಬಿಣ ಕಡೆಯುವ ಲೇತ್ ಯಂತ್ರ ನಡೆಸುತ್ತಿದ್ದರು. ಭಾನುವಾರ ತಗಡಿನ ಸ್ಟ್ಯಾಂಡಿನ ಯಜಮಾನರೂ ಅವರೇ. ಮೈದಾನದ ಉತ್ತರ ದಿಕ್ಕಿಗೆ ತಗಡಿನ ಮಾಡು, ಹಿಂದೆ ತಗಡಿನ ಗೋಡೆ. ಕಾರ್ಖಾನೆಯ ಜನವೆಲ್ಲ ನಿಲ್ಲುವುದು ಅಲ್ಲೇ. ಇವರು ಕೈ ಎತ್ತಿದರೆ ಸಾವಿರ ಜನ ಹಾಡುತ್ತಿದ್ದರು, ಇಳಿಸಿದರೆ ಗಪ್‌ಚಿಪ್. ಅಷ್ಟು ಜನರನ್ನು ತಡೆದು ನಿಲ್ಲಿಸುವ ತಾಳ್ಮೆ ಇದ್ದ ಮನುಷ್ಯನಿಗೆ ಮನೆಯಲ್ಲಿ ಒಂದು ಪಾತ್ರೆ ನೀರು ಕಾಯುವಷ್ಟು ತಾಳ್ಮೆ ಇರಲಿಲ್ಲ. ಚೆಂಡಿನ ಮಾತು ನಾನು ಎತ್ತಿದರೆ ಸಾಕು, “ನಿಂಗ್ಯಾಕೆ ಅದೆಲ್ಲ? ಒಗೆಯೋದು ಒಗಿ” ಅನ್ನುತ್ತಿದ್ದರು. ಒಂದೇ ಮೈದಾನಕ್ಕೆ ಇಬ್ಬರೂ ಹೋಗುತ್ತಿದ್ದೆವು, ಆಟದ ಬಗ್ಗೆ ಒಂದು ಮಾತೂ ಆಡುತ್ತಿರಲಿಲ್ಲ.

ತಗಡಿನ ಸ್ಟ್ಯಾಂಡಿಗೆ ಒಂದು ಪದ್ಧತಿ ಇತ್ತು. ಯಾರಾದರೂ ಬೇಡವಾದರೆ ಬೈಯುವುದಿಲ್ಲ, ಏನನ್ನೂ ಎಸೆಯುವುದಿಲ್ಲ. ಎಲ್ಲರೂ ಒಟ್ಟಿಗೆ ಮೈದಾನಕ್ಕೆ ಬೆನ್ನು ಹಾಕಿ ನಿಂತು, ಗೋಡೆಯ ತಗಡಿಗೆ ಅಂಗೈಯಿಂದ ಬಡಿಯುತ್ತಾರೆ. ಒಗೆಯುವ ಕೋಣೆಯಲ್ಲಿ ಬಕೆಟ್ಟಿನ ನೀರು ನಡುಗುತ್ತಿತ್ತು. ಹಾಗೆ ಬೆನ್ನು ತೋರಿಸಿಕೊಂಡ ಮ್ಯಾನೇಜರು ಇನ್ನೊಂದು ವಾರ ಉಳಿದದ್ದನ್ನು ನಾನು ಕಂಡಿಲ್ಲ. ಮೊದಲು ತಿರುಗಬೇಕಾದವರು ನಮ್ಮ ಯಜಮಾನರು. ಅವರು ತಿರುಗದೆ ಯಾರೂ ತಿರುಗುವಂತಿರಲಿಲ್ಲ.

ಹೊಸಬ ಬಂದದ್ದು ಒಂದು ಸೂಟ್‌ಕೇಸು, ಒಂದು ಕಂದು ಸ್ವೆಟರು, ಒಂದು ಕುಂಟು ಕಾಲಿನ ಜೊತೆ. ಮೊದಲು ಎಲ್ಲೋ ಶಾಲೆಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದನಂತೆ, ಆಮೇಲೆ ಅಂಚೆ ನೌಕರರ ತಂಡ ಕಟ್ಟಿದನಂತೆ. ನಲವತ್ತು ದಾಟಿರಲಿಲ್ಲ. ಮೊದಲ ದಿನವೇ ಒಗೆಯುವ ಕೋಣೆಗೆ ಬಂದು ಬಾಗಿಲಲ್ಲಿ ನಿಂತ. ಅಲ್ಲಿಗೆ ಅದುವರೆಗೆ ಯಾವ ಮ್ಯಾನೇಜರೂ ಕಾಲಿಟ್ಟಿರಲಿಲ್ಲ.

“ಅಕ್ಕ, ಇಲ್ಲಿ ಜಾಸ್ತಿ ಕೊಳೆ ಮಾಡೋರು ಯಾರು?” ಅಂತ ಕೇಳಿದ.

“ಗೋಲ್‌ಕೀಪರ್.”

“ಕಮ್ಮಿ ಮಾಡೋರು?”

ನಾನು ಕ್ಯಾಪ್ಟನ್ನಿನ ಅಂಗಿ ಎತ್ತಿ ತೋರಿಸಿದೆ. ಆತ ಅದನ್ನು ಮೂಸಿ ನೋಡಿ, “ಸೋಪಿನ ವಾಸನೆ ಬರ್ತಿದೆ” ಅಂತ ನಕ್ಕ. ನನಗೂ ನಗು ಬಂತು. ಆ ಕೋಣೆಯಲ್ಲಿ ನಾನು ಇನ್ನೊಬ್ಬರ ಜೊತೆ ನಕ್ಕದ್ದು ಅದೇ ಮೊದಲು.

ಆ ವರ್ಷದ ಪಂದ್ಯಗಳ ಪಟ್ಟಿ ನೋಡಿ ಊರೇ ಸಪ್ಪಗಾಗಿತ್ತು. ಮೊದಲ ಐದೂ ದೊಡ್ಡ ತಂಡಗಳ ಮೇಲೆ. ಐದನೆಯದು ಹಿಂದಿನ ವರ್ಷ ಕಪ್ ಗೆದ್ದವರ ಮೇಲೆ. ಆರನೆಯದು ಮಾತ್ರ ಎಲ್ಲರಿಗಿಂತ ಕೆಳಗಿದ್ದವರ ಮೇಲೆ, ಅಲ್ಲಿಂದ ಮುಂದೆ ದಾರಿ ಸಲೀಸು. ಅಭ್ಯಾಸದ ಮೊದಲ ಸಂಜೆ ನಮ್ಮ ಯಜಮಾನರು ಗೇಟಿನ ಹತ್ತಿರ ಒಂದು ಡಬ್ಬಿ ಮಗುಚಿ ಹಾಕಿ, ಅದರ ಮೇಲೆ ನಿಂತು ಹೇಳಿದರು:

“ಆರು ಮ್ಯಾಚು. ಆರು ಆಗೋವರೆಗೂ ಮ್ಯಾನೇಜರ್ ಬಗ್ಗೆ ಯಾರೂ ತುಟಿ ಪಿಟಕ್ ಅನ್ನಬಾರ್ದು. ಹತ್ತು ಗೋಲು ಹಾಕಿಸ್ಕೊಂಡ್ರೂ ಹಾಡ್ಬೇಕು. ಬೆನ್ನು ಹಾಕೋ ಮಾತೇ ಇಲ್ಲ. ಇದು ನನ್ನ ಮಾತು.”

ಪಕ್ಕದಲ್ಲಿದ್ದ ಕ್ಷೌರದ ಅಂಗಡಿಯವನು ಕೊಂಕು ತೆಗೆದ: “ಅಣ್ಣಾ, ಐದರಲ್ಲೇ ನಮ್ಮ ತಲೆ ನುಣ್ಣಗೆ ಬೋಳಿಸಿರ್ತಾರೆ. ಆರನೇದಕ್ಕೆ ನಾನೇನ್ ಬೋಳಿಸ್ಲಿ?”

ಎಲ್ಲರೂ ನಕ್ಕರು. ಹೊಸಬ ಮುಂದೆ ಬಂದು ನಮ್ಮ ಯಜಮಾನರ ಕೈ ಹಿಡಿದ. “ಆರು ಸಾಕು ಅಣ್ಣ. ಐದು ಪೆಟ್ಟು ತಿಂತೀವಿ. ತಿನ್ನೋದು ಹೇಗೆ ಅಂತ ಕಲೀತೀವಿ. ಆರನೇದರಿಂದ ಕೊಡ್ತೀವಿ.”

ಮಾತು ಕೊಟ್ಟದ್ದೂ ತೆಗೆದುಕೊಂಡದ್ದೂ ನನ್ನ ಕಣ್ಣೆದುರಿಗೆ. ಆ ಆರನ್ನು ನಂಬಿ ಆತ ರೈಲು ಗೇಟಿನ ಆಚೆ ಎರಡು ಕೋಣೆಯ ಮನೆ ಹಿಡಿದ. ಹೆಂಡತಿ, ಎಂಟು ವರ್ಷದ ಮಗಳು ಇನ್ನೂ ಅವನ ಊರಲ್ಲೇ ಇದ್ದರು. “ಆರನೇ ಮ್ಯಾಚ್ ಆದ ಮೇಲೆ ಕರ್ಕೊಂಡು ಬರ್ತೀನಿ ಅಕ್ಕ. ಅಲ್ಲೀತನಕ ಶಾಲೆ ಬಿಡಿಸಲ್ಲ” ಅಂದಿದ್ದ. ಮಗಳು ಮಲಗುವ ಕೋಣೆಯ ಕಿಟಕಿಗೆ ಪೂರ್ವದ ಬಿಸಿಲು ನೇರ ಹೊಡೆಯುತ್ತದೆ, ಪರದೆ ಎಲ್ಲಿ ಸಿಗುತ್ತದೆ ಅಂತ ಕೇಳಿದ. ಮೈದಾನದ ಮೂಲೆಗಳಲ್ಲಿ ನೆಡುವ ಬಾವುಟಗಳ ಹಳದಿ ಬಟ್ಟೆ ನನ್ನ ಹತ್ತಿರ ಉಳಿದಿತ್ತು. ಅಳತೆ ತೆಗೆದುಕೊಂಡು ಎರಡು ಪರದೆ ಹೊಲಿದುಕೊಟ್ಟೆ.

ಮೊದಲ ಪಂದ್ಯ ಮೂರು-ಸೊನ್ನೆ ಸೋತರು. ಸ್ಟ್ಯಾಂಡು ಹಾಡಿತು. ಎರಡನೆಯದು ಎರಡು-ಸೊನ್ನೆ. ಹಾಡಿತು, ಆದರೆ ಗಂಟಲು ಸ್ವಲ್ಪ ಒಣಗಿತ್ತು. ಮೂರನೆಯದರಲ್ಲಿ ಕೊನೇ ಗಳಿಗೆಯಲ್ಲಿ ಒಂದೇ ಗೋಲಿಗೆ ಹೋಯಿತು. ಅವತ್ತು ಬುಟ್ಟಿ ಬಗ್ಗಿಸಿದಾಗ ನಾನು ಅಂಗಿಗಳನ್ನು ನೆಲದ ಮೇಲೆ ಸಾಲಾಗಿ ಹರಡಿ ನೋಡಿದೆ. ಹನ್ನೊಂದಕ್ಕೆ ಹನ್ನೊಂದೂ ಕೊಳೆ. ಹನ್ನೊಂದರಲ್ಲೂ ಉಪ್ಪಿನ ಗೆರೆ. ಕ್ಯಾಪ್ಟನ್ನಿನ ಕಾಲರು ಸಹ ಬೆವರಿಗೆ ಬಿರುಸಾಗಿತ್ತು. ಅಷ್ಟು ವರ್ಷದಲ್ಲಿ ಅಂಥ ಬುಟ್ಟಿ ನಾನು ಕಂಡಿರಲಿಲ್ಲ. ಸೋತು ಬಂದ ಅಂಗಿಗಳಲ್ಲ ಅವು.

ಮನೆಗೆ ಹೋಗಿ ಹೇಳದೆ ಇರಲಾಗಲಿಲ್ಲ. “ಈ ಹೊಸಬ ಏನೋ ಮಾಡ್ತಿದ್ದಾನೆ ರೀ. ಈ ಸಲ ಎಲ್ಲರ ಅಂಗೀನೂ ಕೊಳೆ ಆಗಿದೆ.”

ಯಜಮಾನರು ಚಹಾದ ಲೋಟ ಕೆಳಗಿಟ್ಟು ನಕ್ಕರು. “ಚೆಂಡು ಗೋಲಿಗೆ ಹೋಗ್ಬೇಕು ಕಣೇ. ಕೊಳೆ ಅಂಗಿಗೆ ಹತ್ತಿದ್ರೆ ಕಪ್ ಕೊಡ್ತಾರಾ?” ಮಾರನೇ ದಿನ ಕ್ಷೌರದ ಅಂಗಡಿಯಲ್ಲಿ ಇದನ್ನೇ ಹೇಳಿ ನಗಿಸಿದರಂತೆ. ವಾರವೆಲ್ಲ ಊರಿನವರು ನನ್ನನ್ನು ಕಂಡರೆ, “ಏನಕ್ಕಾ, ಈ ವಾರ ಕೊಳೆ ಎಷ್ಟು ಗೋಲು?” ಅಂತ ಕೇಳುತ್ತಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ಬೀಗ ಆಮೇಲೆ ತೆರೆಯಬೇಕಾದಾಗ ತೆರೆಯಲಿಲ್ಲ.

ನಾಲ್ಕನೆಯ ಪಂದ್ಯ ಪರ ಊರಿನಲ್ಲಿ, ಗುರುವಾರ. ಅದೇ ಸಮ ಆದದ್ದು. ಬಸ್ಸು ವಾಪಸು ಬಂದದ್ದು ಶುಕ್ರವಾರ ಸಂಜೆ. ಐದನೆಯದು ಭಾನುವಾರ ಮಧ್ಯಾಹ್ನ, ನಮ್ಮಲ್ಲೇ. ತಂಡ ಯಾವಾಗಲೂ ತೊಡುವ ಕೆಂಪು ಅಂಗಿ ಇದ್ದದ್ದು ಒಂದೇ ಸೆಟ್ಟು. ಇನ್ನೊಂದು ಸೆಟ್ಟು ಹರಿದು, ಹೊಸದು ಬರುವುದಿತ್ತು. ಶನಿವಾರ ಬೆಳಿಗ್ಗೆ ಒಗೆದು ಡ್ರಮ್ಮಿಗೆ ಹಾಕಿದರೆ, ನಾಲ್ಕು ಸುತ್ತು ತಿರುಗಿ ಅದರ ಬೆಲ್ಟು ಪಟ್ ಅಂತ ಹರಿಯಿತು. ರಿಪೇರಿಯವನು ಸೋಮವಾರ ಬರುತ್ತೇನೆಂದ. ಹೊರಗೆ ಜಿಟಿಜಿಟಿ. ಕೋಣೆಯೊಳಗೆ ಹಗ್ಗ ಕಟ್ಟಿ ಹರವಿದೆ, ಇಸ್ತ್ರಿ ಪೆಟ್ಟಿಗೆ ಒತ್ತಿದೆ. ಭಾನುವಾರ ಹನ್ನೊಂದು ಗಂಟೆಗೂ ಹನ್ನೊಂದು ಅಂಗಿಯ ಅಂಚು, ಕಂಕುಳು ತಣ್ಣಗೆ ಒದ್ದೆ.

ಒಂದು ತಿಂಗಳ ಹಿಂದೆ ನಾನು ಒಂದು ಕಂತೆ ಕಾಲುಚೀಲ ಬಿಸಿನೀರಿಗೆ ಹಾಕಿ ಕುಗ್ಗಿಸಿಬಿಟ್ಟಿದ್ದೆ. ಟೈರಿನ ಅಂಗಡಿ ಇಟ್ಟಿದ್ದ ಕ್ಲಬ್ಬಿನ ಕಾರ್ಯದರ್ಶಿ ಹೊಸಬನ ಎದುರಿಗೇ, “ಇನ್ನೊಂದ್ ಸಲ ಹಿಂಗಾದ್ರೆ ಬೇರೆಯವರನ್ನ ನೋಡ್ಕೋತೀವಿ” ಅಂದಿದ್ದರು. ಅದು ಕಿವಿಯಲ್ಲಿ ಕೂತಿತ್ತು. ತಗಡಿನ ಪೆಟ್ಟಿಗೆ ತೆಗೆದು, ಬಿಳಿ ಅಂಗಿಗಳನ್ನು ಹೊರಗೆ ತೆಗೆದೆ.

ಬಿಳಿ ಅಂಗಿಗೆ ಅರ್ಥವಿದೆ ಎಂದು ನನಗೆ ಗೊತ್ತಿತ್ತು. ಕ್ಲಬ್ಬಿನವರು ಯಾರಾದರೂ ತೀರಿಕೊಂಡರೆ ತೋಳಿಗೆ ಕಪ್ಪು ಪಟ್ಟಿ ಕಟ್ಟಿ ಬಿಳಿ ಹಾಕುತ್ತಿದ್ದರು. ನಾನೇ ನಾಲ್ಕು ಸಲ ತೆಗೆದು ಕೊಟ್ಟಿದ್ದೆ. ಕಪ್ಪು ಪಟ್ಟಿ ಇಲ್ಲದಿದ್ದರೆ ಬಿಳಿ ಬರೀ ಬಿಳಿ ಎಂದುಕೊಂಡೆ. ನನಗೆ ಗೊತ್ತಿಲ್ಲದ್ದು ಒಂದಿತ್ತು. ಮೂರು ವರ್ಷ ಮೊದಲು, ಬಹಳ ಕಾಲ ಇದ್ದ ಒಬ್ಬ ಮ್ಯಾನೇಜರು ತಾವಾಗಿ ಬಿಟ್ಟು ಹೋದಾಗ, ಅವರ ಕೊನೇ ಪಂದ್ಯಕ್ಕೆ ಪಟ್ಟಿಯಿಲ್ಲದ ಬಿಳಿ ಹಾಕಿ ಬೀಳ್ಕೊಟ್ಟಿದ್ದರು. ಆ ವಾರ ನಾನು ಮಗಳ ಹೆರಿಗೆಗೆ ಹೋಗಿದ್ದೆ, ಬದಲಿಗೆ ಇನ್ಯಾರೋ ಒಗೆದಿದ್ದರು. ಅಂದಿನಿಂದ ತಗಡಿನ ಸ್ಟ್ಯಾಂಡಿಗೆ ಪಟ್ಟಿಯಿಲ್ಲದ ಬಿಳಿ ಎಂದರೆ ಮ್ಯಾನೇಜರು ಹೊರಟ ಎಂದು. ನಮ್ಮ ಯಜಮಾನರಿಗೆ ಅದು ಗೊತ್ತಿತ್ತು. ಅವರು ಮನೆಯಲ್ಲಿ ಒಂದು ಮಾತೂ ಹೇಳಿರಲಿಲ್ಲ. ಒಗೆಯುವವಳಿಗೆ ಯಾಕೆ ಅದೆಲ್ಲ!

ಬಿಳಿ ಅಂಗಿ ಗೂಟಕ್ಕೆ ತೂಗುಹಾಕಿದೆ. ಆಟಗಾರರು ಬಂದು ನೋಡಿ ಗುಸುಗುಸು ಅಂದರು. ಕ್ಯಾಪ್ಟನ್ನು, “ಏನಕ್ಕಾ, ಬಿಳಿ?” ಅಂದ.

“ಕೆಂಪು ಒಣಗಿಲ್ಲಪ್ಪ. ಡ್ರಮ್ಮು ಕೆಟ್ಟಿದೆ.”

ಅವನು ಹೊಸಬನ ಕಡೆ ತಿರುಗಿದ. “ಸಾರ್, ಬಿಳಿ ಬೇಡ ಅನ್ಸುತ್ತೆ.”

ಹೊಸಬ ಗೋಡೆಗೆ ಮಗುಚಿ ಅಂಟಿಸಿದ ಕ್ಯಾಲೆಂಡರಿನ ಹಿಂಬದಿಯಲ್ಲಿ, ಯಾರು ಎತ್ತ ಓಡಬೇಕೆಂದು ಬಾಣದ ಗುರುತು ಬರೆಯುತ್ತಿದ್ದ. “ಒದ್ದೆ ಬಟ್ಟೇಲಿ ಮೈ ಹಿಡ್ಕೊಂಡ್ರೆ ಓಡೋರು ಯಾರು? ಒಣಗಿರೋದು ಹಾಕ್ಕೊಳ್ಳಿ.”

ಕ್ಯಾಪ್ಟನ್ನು, “ನಿಮ್ಮಿಷ್ಟ ಸಾರ್” ಅಂದ. ಆ ಮಾತಿನ ಒಳಗೆ ಒಂದು ನಗು ಇತ್ತು. ನನಗೆ ಅರ್ಥವಾಗಲಿಲ್ಲ, ನೆನಪು ಮಾತ್ರ ಉಳಿಯಿತು.

ತಂಡ ಮೆಟ್ಟಿಲು ಹತ್ತಿ ಹೊರಗೆ ಹೋಯಿತು. ಹಾಡು ಶುರುವಾಗಿತ್ತು. ಹಾಡು ನಡುವೆ ತುಂಡಾಯಿತು. ಆಮೇಲೆ ತಗಡು. ಇನ್ನೂ ಚೆಂಡಿಗೆ ಕಾಲು ಮುಟ್ಟಿಸಿರಲಿಲ್ಲ. ನಾನು ಮೆಟ್ಟಿಲ ಬಾಯಿಗೆ ಓಡಿ ಬಂದು ನೋಡಿದೆ: ಸಾವಿರ ಬೆನ್ನು. ಮೊದಲ ಸಾಲಿನ ನಡುವೆ ನನ್ನ ಗಂಡನ ಬೆನ್ನು, ನಾನೇ ತೇಪೆ ಹಾಕಿದ ಕೋಟು. ಹೊಸಬ ಗೆರೆಯ ಹತ್ತಿರ ನಿಂತು ಅತ್ತ ಇತ್ತ ನೋಡುತ್ತಿದ್ದ. ಏನಾಯಿತೆಂದು ಕೇಳಲು ಅವನಿಗೆ ಒಂದು ಮುಖವೂ ಸಿಗಲಿಲ್ಲ.

ನಾಲ್ಕು-ಸೊನ್ನೆ. ತೊಂಬತ್ತು ನಿಮಿಷವೂ ತಗಡು ನಿಲ್ಲಲಿಲ್ಲ.

ಪಂದ್ಯ ಮುಗಿದದ್ದೇ ಕಾರ್ಯದರ್ಶಿ ದಡಬಡ ಇಳಿದು ಬಂದರು. “ಬಿಳಿ ಹಾಕ್ಸಿದ್ದು ಯಾರ್ರೀ? ಐದಕ್ಕೇ ಗಂಟುಮೂಟೆ ಕಟ್ಟಿದ್ರಾ? ನಮಗೊಂದು ಮಾತು ಹೇಳೋದಲ್ವಾ?” ಪಟ್ಟಿಯಿಲ್ಲದ ಬಿಳಿ ಎಂದರೇನು ಎಂದು ಅವರು ಕೂಗಾಡುತ್ತಾ ಹೇಳಿದಾಗಲೇ ಹೊಸಬನಿಗೂ ತಿಳಿದದ್ದು, ನನಗೂ ತಿಳಿದದ್ದು. ನಾನು ಬುಟ್ಟಿ ಹಿಡಿದು ಬಾಗಿಲಲ್ಲಿದ್ದೆ. ಆತ ನನ್ನನ್ನು ನೋಡಿದ. ನನ್ನ ಹಿಂದೆ ಹಗ್ಗದ ಮೇಲೆ ತೂಗುತ್ತಿದ್ದ ಕೆಂಪು ಅಂಗಿಗಳನ್ನು ನೋಡಿದ. ಕಾಲುಚೀಲದ ಮಾತು ಅವನಿಗೂ ನೆನಪಾಗಿರಬೇಕು.

“ನಾನೇ ಹಾಕ್ಸಿದ್ದು” ಅಂದ.

“ಯಾಕೆ?”

“ಹಾಕ್ಸಿದೆ. ಅಷ್ಟೇ.”

ಅದು ಪೂರ್ತಿ ಸುಳ್ಳೂ ಅಲ್ಲ. ಒಣಗಿದ್ದನ್ನು ಹಾಕಿಕೊಳ್ಳಿ ಎಂದದ್ದು ಆತನೇ. ಆದರೆ ಅಂಗಿ ಒದ್ದೆ ಇತ್ತು ಎಂಬ ಮಾತನ್ನು ಆತ ನುಂಗಿಕೊಂಡ, ಅದು ನನ್ನ ಬುಡಕ್ಕೆ ಬರುತ್ತದೆ ಎಂದು. ನನ್ನ ಬಾಯಲ್ಲೂ ನಾಲಿಗೆ ಇತ್ತು. ಅಲ್ಲಾಡಿಸಲಿಲ್ಲ.

ಕಮಿಟಿ ಸೇರುವುದು ಮಾರನೇ ದಿನ ಹತ್ತು ಗಂಟೆಗೆ. ಸ್ಟ್ಯಾಂಡಿನ ಪರವಾಗಿ ನಮ್ಮ ಯಜಮಾನರನ್ನು ಕರೆದಿದ್ದರು. ಅವರು ‘ಇನ್ನೊಂದು ಪಂದ್ಯ ಇರಲಿ’ ಎಂದಿದ್ದರೆ ಕಮಿಟಿ ಮೀರುತ್ತಿರಲಿಲ್ಲ. ಬೆಳಿಗ್ಗೆ ಶೂಗೆ ಪಾಲಿಶ್ ಹಾಕುತ್ತಾ ಹೇಳಿದರು: “ಕೈ ಕೊಟ್ಟ ಕಣೇ. ನಾವು ಆರು ಅಂತ ಮಾತು ಕೊಟ್ವಿ, ಅವ್ನು ಐದಕ್ಕೇ ಸಾಕು ಅಂದ. ಸೋತಿದ್ದಕ್ಕೆ ಬೇಜಾರಿಲ್ಲ. ನಾವು ಕಾಯ್ತಾ ಇರುವಾಗ ಅವ್ನೇ ಎದ್ದು ಹೊರಟ ನೋಡು.”

ಆಗ ನಾನು ಅವರಿಂದ ಎರಡು ಮಾರು ದೂರದಲ್ಲಿ ನಿಂತು ಅವರ ಅಂಗಿಗೆ ಇಸ್ತ್ರಿ ಹಾಕುತ್ತಿದ್ದೆ. ‘ಅವನಲ್ಲ, ನಾನು’ ಅಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆಂಡತಿಯ ತಪ್ಪಿಗೆ ಸಾವಿರ ಜನರನ್ನು ತಿರುಗಿಸಿದವರು ಅಂತ ಊರು ಅವರನ್ನು ಆಡಿಕೊಳ್ಳುತ್ತಿತ್ತು. ಅದನ್ನು ಅವರು ನನ್ನ ಮೇಲೆ ತೀರಿಸಿಕೊಳ್ಳದೆ ಬಿಡುತ್ತಿರಲಿಲ್ಲ. ಕೆಲಸವೂ ಹೋಗುತ್ತಿತ್ತು, ಬದುಕಿನಲ್ಲಿ ನನ್ನದು ಎಂದು ಇದ್ದದ್ದು ಆ ಒಗೆಯುವ ಕೋಣೆ ಒಂದೇ. ಇವನ್ನೆಲ್ಲ ತೂಗಿ ನೋಡಿ, ಅಂಗಿಯ ಕಾಲರು ಒತ್ತಿ, ಅವರ ಕೈಗೆ ಕೊಟ್ಟೆ. ಅವರು ತೊಟ್ಟುಕೊಂಡು ಹೋದರು. ಗರಿಗರಿ ಇತ್ತು.

ಮಧ್ಯಾಹ್ನ ಹೊಸಬ ಒಗೆಯುವ ಕೋಣೆಗೆ ಬಂದ. ಕೈಯಲ್ಲಿ ಸೂಟ್‌ಕೇಸು. ಹಳದಿ ಪರದೆಗಳನ್ನು ನೀಟಾಗಿ ಮಡಿಸಿ ತಂದಿದ್ದ.

“ಅಕ್ಕ, ಇವು ನಿಮ್ಮವು.”

“ಮಗಳಿಗೆ ಅಂತ ಹೊಲಿದಿದ್ದು. ತಗೊಂಡು ಹೋಗಪ್ಪ.”

“ಅಲ್ಲಿ ಕಿಟಕಿ ಚಿಕ್ಕದು” ಅಂದ. ಡ್ರಮ್ಮಿನ ಕಡೆ ನೋಡಿ, “ಬೆಲ್ಟ್ ಬಂತಾ?” ಅಂತ ಕೇಳಿದ. ಬಂದಿದೆ ಅಂದೆ. ಹೊಸ ಬೆಲ್ಟು ಹಾಕಿಸಿಕೊಂಡ ಡ್ರಮ್ಮು ಗಿರಗಿರ ತಿರುಗುತ್ತಿತ್ತು. ಆ ಸದ್ದಿನಲ್ಲಿ ನಾನು ಏನೋ ಹೇಳಿದೆ. ಕ್ಷಮಿಸು ಅಂದೆನೋ, ಹೋಗಿ ಬಾ ಅಂದೆನೋ. ಆತನಿಗೆ ಕೇಳಿಸಲಿಲ್ಲ. ನಾನೂ ಎರಡನೇ ಸಲ ಹೇಳಲಿಲ್ಲ.

ಆರನೆಯ ಪಂದ್ಯಕ್ಕೆ ಕ್ಯಾಪ್ಟನ್ನನ್ನೇ ಮ್ಯಾನೇಜರು ಮಾಡಿದರು. ಗೋಡೆಯ ಮೇಲೆ ಹೊಸಬ ಬರೆದಿಟ್ಟಿದ್ದ ಕ್ಯಾಲೆಂಡರು ಹಾಗೇ ಇತ್ತು, ಬಾಣಗಳೂ ಅವೇ. ಮೂರು-ಸೊನ್ನೆ ಗೆದ್ದರು. ಅಲ್ಲಿಂದ ಸಾಲಾಗಿ ಏಳು ಪಂದ್ಯ ಗೆದ್ದರು. ಪಾಪದ ತಂಡಗಳ ಮೇಲೆ, ಆತ ಓಡಲು ಕಲಿಸಿದ ಕಾಲುಗಳಿಂದ. ಯಜಮಾನರು ಗಂಟಲು ಹರಿದುಕೊಂಡು ಮನೆಗೆ ಬಂದು, “ನೋಡ್ದ್ಯಾ? ಮನುಷ್ಯ ಬದಲಾದ್ರೆ ಹೆಂಗೆ!” ಅಂದರು. ಬುಟ್ಟಿಯಲ್ಲಿ ಹನ್ನೊಂದು ಅಂಗಿಯೂ ಕೊಳೆಯಾಗಿದ್ದವು. ಅವುಗಳಲ್ಲಿ ಕ್ಯಾಪ್ಟನ್ನಿನದು ಇರಲಿಲ್ಲ, ಅವನಿಗೆ ಈಗ ಕೋಟು ಬಂದಿತ್ತು. ಪುಸ್ತಕದಲ್ಲಿ ಪೂರ್ತಿ ಪುಟಕ್ಕೆ ಹಾಕಿದ ಫೋಟೋದಲ್ಲೂ ಅದೇ ಕೋಟು.

ಹೊಸಬ ಮತ್ತೆ ಶಾಲೆಗೆ ಸೇರಿದನಂತೆ ಎಂದು ಒಮ್ಮೆ ಗೋಲ್‌ಕೀಪರ್ ಹೇಳಿದ. ಎಲ್ಲಿ ಅಂದರೆ ಗೊತ್ತಿಲ್ಲ ಅಂದ. ವಿಳಾಸ ಕೇಳಿದ್ದಕ್ಕೆ ಕಾರ್ಯದರ್ಶಿ, “ಐದು ಮ್ಯಾಚಿನವನ ವಿಳಾಸ ಯಾರಮ್ಮ ಇಟ್ಕೋತಾರೆ?” ಅಂದರು.

ಹತ್ತೊಂಬತ್ತು ವರ್ಷ ಕಳೆದ ಮೇಲೆ ನಮ್ಮ ಯಜಮಾನರು ಆಸ್ಪತ್ರೆ ಸೇರಿದರು. ಲೇತಿನ ದೂಳು ಎದೆಯಲ್ಲಿ ಕೂತಿತ್ತು. ನಾನು ಪಕ್ಕದ ಕಬ್ಬಿಣದ ಕುರ್ಚಿಯಲ್ಲಿ ದಿನವಿಡೀ ಕೂರುತ್ತಿದ್ದೆ. ಒಂದು ಬೆಳಿಗ್ಗೆ ಪೇಪರಿನಲ್ಲಿ ಕ್ಲಬ್ಬು ಇನ್ನೊಬ್ಬ ಮ್ಯಾನೇಜರನ್ನು ಎರಡೇ ತಿಂಗಳಿಗೆ ಕಳಿಸಿದ ಸುದ್ದಿ ಬಂದಿತ್ತು.

“ಈಗಿನ ಹುಡುಗರಿಗೆ ತಾಳ್ಮೆ ಇಲ್ಲ ಕಣೇ” ಅಂದರು. “ನಮ್ಮ ಕಾಲದಲ್ಲಿ ಹಂಗಿರ್ಲಿಲ್ಲ. ಆ ಹೊಸಬ ಇದ್ನಲ್ಲ, ಕುಂಟ, ಅವ್ನು ಬಿಳಿ ಹಾಕಿಸ್ದೆ ಇದ್ದಿದ್ರೆ ನಾನು ಆರನೇದೂ ಕಾಯ್ತಿದ್ದೆ. ದೇವರಾಣೆ ಕಾಯ್ತಿದ್ದೆ.”

“ಬಿಳಿ ಹಾಕ್ಸಿದ್ದು ನಾನು” ಅಂದೆ.

ಪೇಪರು ಅವರ ಎದೆಯ ಮೇಲೆ ಇಳಿಯಿತು.

“ಕೆಂಪು ಒಣಗಿರ್ಲಿಲ್ಲ. ಡ್ರಮ್ಮು ಕೆಟ್ಟಿತ್ತು. ಬಿಳಿ ಅಂದ್ರೆ ಏನು ಅಂತ ನಂಗೂ ಗೊತ್ತಿರ್ಲಿಲ್ಲ, ಅವನಿಗೂ ಗೊತ್ತಿರ್ಲಿಲ್ಲ. ನನ್ನ ಕೆಲಸ ಉಳೀಲಿ ಅಂತ ಅವನು ಮೈಮೇಲೆ ಹಾಕ್ಕೊಂಡ.”

ಅವರು ಕೇಳಿದರು: “ಮೊದಲೇ ಹೇಳೋಕೆ ನಿಂಗೇನಾಗಿತ್ತು?”

“ಬಿಳಿ ಅಂದ್ರೆ ಏನು ಅಂತ ಮೊದಲೇ ಹೇಳೋಕೆ ನಿಮಗೇನಾಗಿತ್ತು?”

ಅವರು ಮಂಚದ ಸರಳು ಹಿಡಿದುಕೊಂಡು, ಕಷ್ಟಪಟ್ಟು ಮಗ್ಗುಲು ಬದಲಿಸಿದರು. ನನಗೆ ಬೆನ್ನು ಹಾಕಿ ಗೋಡೆಯ ಕಡೆ ಮಲಗಿದರು. ಇನ್ನು ಹನ್ನೊಂದು ದಿನ ಇದ್ದರು. ನೀರು ಕೇಳಿದರು, ಮಾತ್ರೆ ಕೇಳಿದರು. ತಿರುಗಿ ನೋಡಲಿಲ್ಲ.

ಅವರು ಬೆನ್ನು ಹಾಕಿದ ಆ ದಿನ ನಾನು ಆ ಬೆನ್ನನ್ನು ಸ್ವಲ್ಪ ಹೊತ್ತು ನೋಡಿದೆ. ಅಂಗಿಯ ಬೆನ್ನು ಬೆವರಿಗೆ ಅಂಟಿಕೊಂಡಿತ್ತು, ಭುಜದ ಹತ್ತಿರ ಉಪ್ಪಿನ ಗೆರೆ ಎದ್ದಿತ್ತು. ನರ್ಸನ್ನು ಕರೆದು ಅದನ್ನು ಬಿಚ್ಚಿಸಿ, ಬೇರೆ ಅಂಗಿ ತೊಡಿಸಿ, ಆ ಅಂಗಿ ಹಿಡಿದುಕೊಂಡು ನಲ್ಲಿಯ ಹತ್ತಿರ ಹೋದೆ.